ಎರಡೂವರೆ ಇಂಚಿನ ಹೊಸ್ತಿಲು

ಟೇಲರ್ ಮಾಸ್ತರರು ನನ್ನ ಮುಂದೆ ಇಟ್ಟದ್ದು ಒಂದೇ ಕರಾರು.

"ತಮ್ಮಾ, ಅಂಗಡಿ ಹ್ಯಾಂಗರೆ ಕಟ್ಟು. ಗಾಜರೆ ಹಾಕು, ತಗಡರೆ ಹಾಕು. ಆದ್ರ ನನ್ನ ಯಾರೂ ಎತ್ತಬಾರದು ನೋಡು. ರಸ್ತಾದಿಂದ ನನ್ನ ಕಟಿಂಗ್ ಟೇಬಲ್ ತನಕ ನಾನ ಗಾಲಿ ತಿರುವಿಕೊಂಡು ಹೋಗಬೇಕು."

ಸಕ್ಕರೆ ಕಾಯಿಲೆಯಿಂದ ಅವರ ಬಲಗಾಲನ್ನು ಮೊಣಕಾಲಿನ ಮೇಲಿಂದ ತೆಗೆದು ಆಗ ನಾಲ್ಕು ತಿಂಗಳಾಗಿತ್ತು. ಮನೆಯಲ್ಲಿ ಹಾಸಿಗೆಯಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಹೆಂಡತಿಯೋ ನೆರೆಮನೆಯವರೋ ಎತ್ತಿ ಕೂರಿಸಬೇಕಿತ್ತು. "ಮಿಲ್ಲಿನಾಗ ಅಕ್ಕಿ ಚೀಲ ಎತ್ತಿದಾಂಗ ಎತ್ತತಾರ ನನ್ನ," ಎಂದು ನಗುತ್ತಲೇ ಹೇಳಿದರು. ನಗು ಬೇಗ ಮುಗಿಯಿತು.

ನಾನು ಮಾನ್ವಿಯಿಂದ ಸಿವಿಲ್ ಡಿಪ್ಲೊಮಾ ಓದಲು ರಾಯಚೂರಿಗೆ ಬಂದಾಗ ನನ್ನ ಮೊದಲ ಪ್ಯಾಂಟು ಹೊಲಿದವರು ಇವರೇ. ಅವರದೊಂದು ಪದ್ಧತಿ ಇತ್ತು. ಬಟ್ಟೆ ಸಿದ್ಧವಾದ ಮೇಲೆ ಗಿರಾಕಿಗೆ ಹಾಕಿಸಿ, ನಿಲ್ಲಿಸಿ ನೋಡಿ, ಅಷ್ಟಕ್ಕೇ ಬಿಡುತ್ತಿರಲಿಲ್ಲ. ಮೂಲೆಯ ಸ್ಟೂಲಿನ ಮೇಲೆ ಕೂರಿಸುತ್ತಿದ್ದರು. "ನಿಂತಾಗ ಎಲ್ಲಾ ಬಟ್ಟಿ ಚಂದ ಕಾಣತಾವ. ಕುಂತು ನೋಡು, ಆಗ ಎಲ್ಲಿ ಹಿಡಿತದ ಗೊತ್ತಾಗತದ," ಎನ್ನುತ್ತಿದ್ದರು. ಅಂಗಡಿಗೆ ಬಂದವರಿಗೆಲ್ಲ ಈ ಮಾತು ಬಾಯಿಪಾಠ. ನನಗೂ ಬಾಯಿಪಾಠವಾಗಿತ್ತು. ಬುದ್ಧಿಗೆ ಮಾತ್ರ ಇಳಿದಿರಲಿಲ್ಲ.

ಅಂಗಡಿ ಇದ್ದದ್ದು ಹಳೆಯ ಬಜಾರಿನಲ್ಲಿ. ಹನ್ನೆರಡು ಅಡಿ ಅಗಲ, ಇಪ್ಪತ್ತಾರು ಅಡಿ ಉದ್ದ. ನೆಲ ರಸ್ತೆಗಿಂತ ಎರಡು ಅಡಿ ಎತ್ತರ. ಮುಂದೆ ಶಹಾಬಾದಿ ಕಲ್ಲಿನ ಮೂರು ಮೆಟ್ಟಿಲು, ಪಕ್ಕಕ್ಕೊಂದು ಕಟ್ಟೆ. ಮೆಟ್ಟಿಲೂ ಕಟ್ಟೆಯೂ ನಿಂತದ್ದು ಸರ್ಕಾರದ ಚರಂಡಿಯ ಮೇಲೆ. ನಮ್ಮ ಬಜಾರಿನಲ್ಲಿ ಹೀಗಿಲ್ಲದ ಅಂಗಡಿ ಹುಡುಕಿದರೂ ಸಿಗುವುದಿಲ್ಲ. ಹಳೆಯ ಕಟ್ಟಡವನ್ನು ಮುಟ್ಟದಿದ್ದರೆ ಯಾರೂ ಕೇಳುವುದಿಲ್ಲ. ಮುಂಭಾಗ ಒಡೆದು ಹೊಸದು ಕಟ್ಟುತ್ತೇನೆಂದು ಅರ್ಜಿ ಹಾಕಿದ ದಿನ ಹೊಸ ನಿಯಮಗಳೆಲ್ಲ ಒಮ್ಮೆಲೇ ಮೈಮೇಲೆ ಬೀಳುತ್ತವೆ. ಅದಕ್ಕೇ ಜನ ಸುಣ್ಣ ಬಳಿದು ಸುಮ್ಮನಿರುತ್ತಾರೆ.

ಮಾಸ್ತರರಿಗೆ ಸುಣ್ಣ ಸಾಲುತ್ತಿರಲಿಲ್ಲ. ಅವರಿಗೆ ಗಾಲಿ ಏರುವ ಇಳಿಜಾರು ಬೇಕಿತ್ತು. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ, ಇದು ನಿಯಮ. ಎರಡು ಅಡಿಗೆ ಇಪ್ಪತ್ನಾಲ್ಕು ಅಡಿ. ಅಂಗಡಿಯೇ ಇಪ್ಪತ್ತಾರು. ನಾನು ಬುದ್ಧಿವಂತನಂತೆ ಇಳಿಜಾರನ್ನು ಚರಂಡಿಯ ಮೇಲಿನ ಕಟ್ಟೆಯ ಉದ್ದಕ್ಕೂ ಮಡಚಿ ನಕ್ಷೆ ಬರೆದು ಪಾಲಿಕೆಗೆ ಕೊಟ್ಟೆ. ಪರಿಚಯದ ಮುಖ ನೋಡಿ ಬಿಟ್ಟಾರೆಂಬ ಆಸೆ.

ಪಾಲಿಕೆಯ ಎಂಜಿನಿಯರ್ ನನಗಿಂತ ಬಹಳ ಚಿಕ್ಕವನು, ಮರ್ಯಾದಸ್ಥ. ನಕ್ಷೆಯನ್ನು ಮಡಚಿ ನನ್ನ ಕಡೆಗೇ ಸರಿಸಿದ.

"ಸರ, ಇದು ಚರಂಡಿ ಮ್ಯಾಲ ಬರತದ. ನೀವ ಹಿರಿಯರು, ನಿಮಗ ನಾ ಏನ ಹೇಳಲಿ. ಏರು, ಮೆಟ್ಟಿಲ ಎಲ್ಲಾ ನಿಮ್ಮ ಹದ್ದಿನೊಳಗ ಇರಬೇಕು. ಚರಂಡಿ ಮ್ಯಾಲ ಎತ್ತಿ ತೆಗಿಯೋ ಚಪ್ಪಡಿ ಅಷ್ಟ ಹಾಕಬಹುದು."

"ಕಾಲಿಲ್ಲದ ಮನಷ್ಯಾನ ಅಂಗಡಿ ಅದು ತಮ್ಮಾ," ಎಂದೆ.

"ಅದಕ್ಕ ಸರ, ಸರಿಯಾಗಿ ಮಾಡೋಣ."

ಸಿಟ್ಟು ಬಂತು. ಮೆಟ್ಟಿಲಿಳಿದು ಬಂದು ಚಹಾ ಕುಡಿದೆ. ಚಹಾ ಮುಗಿಯುವಷ್ಟರಲ್ಲಿ ಅವನು ಹೇಳಿದ್ದು ನ್ಯಾಯವೇ ಅನ್ನಿಸಿತು. ಸಿಟ್ಟು ಮಾತ್ರ ಸಂಜೆಯ ತನಕ ಇತ್ತು.

ಎರಡು ವಾರ ನಕ್ಷೆ ಬರೆದು ಹರಿದೆ. ಕೊನೆಗೆ ಒಂದು ನಿರ್ಧಾರಕ್ಕೆ ಬಂದೆ: ಇಳಿಜಾರನ್ನು ಎತ್ತರಕ್ಕೆ ಒಯ್ಯುವ ಬದಲು ಅಂಗಡಿಯ ನೆಲವನ್ನೇ ಕೆಳಗೆ ತರುವುದು. ಒಂದೂವರೆ ಅಡಿ ಅಗೆದು ಇಳಿಸಿದರೆ ರಸ್ತೆಗೂ ನೆಲಕ್ಕೂ ಅರ್ಧ ಅಡಿ ಉಳಿಯುತ್ತದೆ. ಅದಕ್ಕೆ ಆರು ಅಡಿ ಏರು ಸಾಕು. ಅಂಗಡಿಯ ಹದ್ದಿನೊಳಗೇ ಎಡಕ್ಕೆ ಐದು ಅಡಿ ಅಗಲದ ಓಣಿ, ಅದರಲ್ಲಿ ಆರು ಅಡಿ ಏರು, ಮುಂದೆ ಐದು ಅಡಿ ಸಮತಟ್ಟು ಜಾಗ, ಕೊನೆಗೆ ಮೂರು ಅಡಿ ಅಗಲದ ಬಾಗಿಲು. ಬಲಗಡೆ ಗಾಜು. ಏರಿನ ಬುಡದಲ್ಲಿ ಮಳೆನೀರು ಹೀರಲು ಕಬ್ಬಿಣದ ಜಾಲರಿಯ ಸಣ್ಣ ಕಾಲುವೆ. ನಕ್ಷೆಗೆ ಒಪ್ಪಿಗೆ ಸಿಕ್ಕಿತು.

ನೆಲ ಇಳಿಸುವುದೆಂದರೆ ಬಾಯಿಮಾತಲ್ಲ. ನನ್ನ ಗೌಂಡಿ ದೇವದುರ್ಗ ತಾಲ್ಲೂಕಿನ ಮಸರಕಲ್‌ನವನು. ಸೋಮವಾರ ಬಸ್ಸಿಗೆ ಬಂದರೆ ಶನಿವಾರ ಊರಿಗೆ ಹೋಗುತ್ತಿದ್ದ. ಅರವತ್ತು ದಾಟಿದವನು, ಮಾತು ಕಡಿಮೆ, ಕಣ್ಣಳತೆ ಗಟ್ಟಿ. ಮೊದಲ ದಿನ ಗೋಡೆಯ ಬುಡದಲ್ಲಿ ಗುಂಡಿ ತೋಡಿ ನನ್ನನ್ನು ಕರೆದ.

"ಪಾಯ ಇಲ್ಲಿಗೆ ಮುಗೀತ್ರಿ ಸರ. ಕೆಳಗ ಬರೇ ಕರಿಮಣ್ಣು."

ಹಳೆಯ ನೆಲದಿಂದ ಎರಡೂವರೆ ಅಡಿಗೇ ಪಾಯ ನಿಂತಿತ್ತು. ನಾವು ಒಂದೂವರೆ ಅಡಿ ಅಗೆದರೆ ಗೋಡೆಯ ಕಾಲು ಹಿಡಿಯಲು ಒಂದೇ ಅಡಿ ಮಣ್ಣು. ಅದೂ ನೀರು ಕುಡಿದರೆ ಉಬ್ಬಿ, ಒಣಗಿದರೆ ಬಿರಿಯುವ ಮಣ್ಣು. ಪಕ್ಕದ ಪಾತ್ರೆ ಅಂಗಡಿಗೂ ಅದೇ ಗೋಡೆ. ಆದ್ದರಿಂದ ಗೋಡೆಯ ಉದ್ದವನ್ನು ಮೂರು ಮೂರು ಅಡಿಯ ತುಂಡುಗಳೆಂದು ಸುಣ್ಣದಲ್ಲಿ ಗುರುತು ಹಾಕಿದೆವು. ಒಂದು ತುಂಡು ಬಿಟ್ಟು ಒಂದು ತುಂಡು ಅಗೆಯುವುದು, ಅದರ ಕೆಳಗೆ ಕಾಂಕ್ರೀಟು ತುಂಬುವುದು, ಏಳು ದಿನ ನೀರುಣ್ಣಿಸುವುದು, ಆಮೇಲೆ ಬಿಟ್ಟ ತುಂಡಿಗೆ ಕೈ ಹಾಕುವುದು. ಬಾಯಲ್ಲಿ ಹಲ್ಲು ಒಂದೊಂದೇ ಕಿತ್ತು ಕಟ್ಟಿಸಿದ ಹಾಗೆ.

ಮೂರನೆಯ ವಾರ ಗೋಡೆಯ ಮೇಲೆ ಮೊಳದುದ್ದ ಬಿರುಕು ಕಾಣಿಸಿತು. ಕೆಲಸ ನಿಲ್ಲಿಸಿದೆ. ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿದೆವು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಎಂಟು ದಿನ ಬೆಳಿಗ್ಗೆ ಎದ್ದು ಮೊದಲು ಆ ಗಾಜು ನೋಡುವುದೇ ನನ್ನ ಕೆಲಸವಾಯಿತು. ಒಡೆಯಲಿಲ್ಲ. ಪಾತ್ರೆ ಅಂಗಡಿಯವರೂ ಉಸಿರು ಬಿಟ್ಟರು, ನಾನೂ ಬಿಟ್ಟೆ.

ಮಾಸ್ತರರು ದಿನವೂ ಫೋನು ಮಾಡುತ್ತಿದ್ದರು. "ಎಲ್ಲಿಗೆ ಬಂತು ತಮ್ಮಾ?" ಅಷ್ಟೇ ಪ್ರಶ್ನೆ. ಒಂದು ದಿನ ಮನೆಗೆ ಹೋದರೆ ಅವರು ಓಣಿಯ ಇಳಿಜಾರಿನಲ್ಲಿ ಗಾಲಿ ತಿರುವುವುದನ್ನು ರೂಢಿ ಮಾಡುತ್ತಿದ್ದರು. ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಕಂಡಕ್ಟರ್ ಒಬ್ಬರ ಸಮವಸ್ತ್ರ ಹೊಲಿದು ಉಳಿದ ಖಾಕಿ ಬಟ್ಟೆಯಲ್ಲಿ ತಮಗೆ ತಾವೇ ಎರಡು ಕೈಗವಸು ಹೊಲಿದುಕೊಂಡಿದ್ದರು. ಬೆರಳು ಹೊರಗೆ, ಅಂಗೈಗೆ ಎರಡು ಪದರು.

"ಇಪ್ಪತ್ತು ಹೆಜ್ಜಿ ದೂರ ಒಬ್ಬನ ಹೋಗಿ ಬಂದೆ ಇವತ್ತ," ಎಂದರು. ಹೆಜ್ಜೆ ಎನ್ನುವ ಮಾತು ಅವರ ಬಾಯಿಂದ ಇನ್ನೂ ಹೋಗಿರಲಿಲ್ಲ.

ನೆಲ ಆಯಿತು, ಏರು ಆಯಿತು, ಬಾಗಿಲಿನ ಚೌಕಟ್ಟು ನಿಂತಿತು. ಆಗ ಮಾಸ್ತರರ ಹೆಂಡತಿ ಅಂಗಡಿಗೆ ಬಂದರು. ಇಷ್ಟು ವರ್ಷ ಅದೇ ಅಂಗಡಿಯ ಹಿಂದೆ ಕೂತು ಕಾಜಾ-ಗುಂಡಿ ಮಾಡಿದ ಹೆಣ್ಣುಮಗಳು. ನಾನು ಅಕ್ಕ ಎನ್ನುತ್ತೇನೆ. ಹಳೆಯ ಬಾಗಿಲು ಕೀಳುವಾಗ ತೆಗೆದಿಟ್ಟಿದ್ದ ಹೊಸ್ತಿಲ ಕಲ್ಲನ್ನು ಅವರು ತೊಳೆದು ಅರಿಶಿನ ಹಚ್ಚಿ ಕಾಯ್ದಿದ್ದರು. ದೇವದುರ್ಗದ ತವರುಮನೆ ಬಿದ್ದಾಗ ಬಸ್ಸಿನ ಮೇಲೆ ಹಾಕಿಸಿಕೊಂಡು ತಂದ ಕಲ್ಲು ಅದು.

"ಅಪ್ಪನ ಮನಿದು ಇದೊಂದ ಉಳಿದದ ತಮ್ಮಾ. ಇದನ್ನ ಹೊಸ ಬಾಗಿಲಿಗೆ ಕುಂದರಸು. ಹೊಸ್ತಿಲ ಇಲ್ಲದ್ದು ಬಾಗಿಲೇನು?"

ಬೇಡ ಎನ್ನಲು ನನಗೆ ಹೊಳೆಯಲೇ ಇಲ್ಲ. ಗೌಂಡಿ ಸ್ನಾನ ಮಾಡಿ ಬಂದ. ಕೆಳಗೆ ಐದು ಕಾಳು, ಒಂದು ಬೆಳ್ಳಿ ಚೂರು, ಸ್ವಲ್ಪ ಹಾಲು. ಕಲ್ಲು ಕೂತಿತು. ವಿಭೂತಿ, ಕುಂಕುಮ ಬಿತ್ತು. ನೆಲದಿಂದ ಎರಡೂವರೆ ಇಂಚು ಮೇಲೆ. ನಾನೂ ಕೈಮುಗಿದೆ. ನನ್ನ ಕಂಕುಳಲ್ಲಿದ್ದ ನಕ್ಷೆಯಲ್ಲಿ ಆ ಜಾಗದಲ್ಲಿ ಒಂದು ನೇರ ಗೆರೆ ಇತ್ತು. ಗಾಲಿ ಹೋಗುವ ಬಾಗಿಲಿನಲ್ಲಿ ಅರ್ಧ ಇಂಚಿಗಿಂತ ಎತ್ತರ ಏನೂ ಇರಬಾರದೆಂದು ಬೇರೆಯವರಿಗೆ ಹೇಳಿಕೊಟ್ಟವನು ನಾನು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ನಂಬುವುದು ಕಷ್ಟ, ಆದರೂ ನಡೆದದ್ದನ್ನು ಹೇಳುತ್ತೇನೆ. ಪರೀಕ್ಷೆಗೆಂದು ಮಾಸ್ತರರು ತಮ್ಮ ಕುರ್ಚಿಯನ್ನು ಆಟೋದಲ್ಲಿ ಕಳಿಸಿದರು. ಗೌಂಡಿ ಖಾಲಿ ಕುರ್ಚಿ ತಳ್ಳಿಕೊಂಡು ಏರು ಹತ್ತಿದ. ಸಲೀಸಾಗಿ ಬಂತು. ಬಾಗಿಲ ಹತ್ತಿರ ಬಂದವನೇ ಎರಡೂ ಕೈಯಿಂದ ಕುರ್ಚಿ ಎತ್ತಿ ಒಳಗಿಟ್ಟ, ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಹೊಸ್ತಿಲು ತುಳಿಯಬಾರದು, ಗಾಲಿಯೂ ತುಳಿಯಬಾರದು. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಮಾನ್ವಿಯಲ್ಲಿ ಚಿಕ್ಕವನಿದ್ದಾಗ ಹೊಸ್ತಿಲ ಮೇಲೆ ನಿಂತು ಅವ್ವನ ಕೈಲಿ ಏಟು ತಿಂದವನು. ಕಾಗದದ ಮೇಲೆ ಸರಿ ಎಂದು ಗುರುತು ಹಾಕಿದೆ.

ಪಾಲಿಕೆಯ ಎಂಜಿನಿಯರ್ ಬಂದ. ಏರಿನ ಉದ್ದ ಅಳೆದ, ಎತ್ತರ ಅಳೆದ, ಪಕ್ಕದ ಕೈಹಿಡಿ ಕಂಬಿ ಅಲುಗಿಸಿ ನೋಡಿದ, ಚರಂಡಿಯ ಚಪ್ಪಡಿಯನ್ನು ಇಬ್ಬರಿಂದ ಎತ್ತಿಸಿದ, ಬಾಗಿಲಿನ ಅಗಲಕ್ಕೆ ಟೇಪು ಹಿಡಿದ. ಚಪ್ಪಲಿ ಬಿಟ್ಟು, ಬಲಗಾಲು ಮುಂದಿಟ್ಟು ಹೊಸ್ತಿಲು ದಾಟಿ ಒಳಗೆ ಬಂದ.

"ಭಾಳ ಚಂದ ಆಗೇದ ಸರ. ಬಜಾರಿನ್ಯಾಗ ಇಂಥಾದ್ದು ಇದ ಮೊದಲ," ಎಂದ. ಎಲ್ಲವೂ ನಿಯಮದಂತಿದೆ ಎಂಬ ಕಾಗದಕ್ಕೆ ಸಹಿ ಹಾಕಿದ. ನಾನೂ ಹಾಕಿದೆ. ಮೂರು ಜನ ತಿಳಿದವರು ಅದನ್ನು ದಾಟಿದೆವು. ಮೂವರಿಗೂ ಅಲ್ಲಿ ದೇವರು ಕಂಡರು, ಮೆಟ್ಟಿಲು ಕಾಣಲಿಲ್ಲ.

ಆಷಾಢ ಹತ್ತಲು ಐದು ದಿನವಿದ್ದಾಗ ಪೂಜೆ ಇಟ್ಟುಕೊಂಡರು. ಮಾಸ್ತರರು ಹೊಸ ಬಿಳಿ ಅಂಗಿ ಹಾಕಿ, ಅಕ್ಕನ ಹೆಗಲು ಹಿಡಿದು ಆಟೋದಿಂದಿಳಿದರು. ಕುರ್ಚಿಗೆ ಬಂದು ಕೈಗವಸು ಏರಿಸಿದರು. ಬಜಾರಿನವರು, ಹಳೆಯ ಗಿರಾಕಿಗಳು ಎರಡೂ ಕಡೆ ನಿಂತಿದ್ದರು. ಯಾರೋ ಹಿಂದಿನಿಂದ ತಳ್ಳಲು ಕೈ ಹಾಕಿದರು. "ಕೈ ತಗೀರಿ," ಎಂದರು ಮಾಸ್ತರರು.

ಚಪ್ಪಡಿ ದಾಟಿದರು. ಜಾಲರಿ ದಾಟಿದರು. ಏರಿನ ನಡುವೆ ಒಮ್ಮೆ ನಿಂತು ಉಸಿರು ತೆಗೆದುಕೊಂಡರು. ಮತ್ತೆ ತಿರುವಿದರು. ಸಮತಟ್ಟಿಗೆ ಬಂದಾಗ ಜನ ಚಪ್ಪಾಳೆ ತಟ್ಟಿದರು. ಅವರು ನನ್ನ ಕಡೆ ನೋಡಿ ಮುಗುಳ್ನಕ್ಕರು. ಅಂಥ ನಗು ನನ್ನ ಕೆಲಸಕ್ಕೆ ಅಲ್ಲಿಯ ತನಕ ಯಾರೂ ಕೊಟ್ಟಿರಲಿಲ್ಲ.

ಆಮೇಲೆ ಮುಂದಿನ ಚಿಕ್ಕ ಗಾಲಿಗಳು ಹೊಸ್ತಿಲಿಗೆ ಬಡಿದು ನಿಂತವು. ಹಿಂದೆ ಸರಿದು ಮತ್ತೊಮ್ಮೆ ಬಂದರು. ಮತ್ತೆ ನಿಂತವು. ಮೂರನೆಯ ಸಲ ಜೋರಿನಿಂದ ಬಂದಾಗ ಕುಂಕುಮದ ಮೇಲೆ ಗಾಲಿಯ ಗುರುತು ಬಿತ್ತು. ಅವರೇ ಬೆಚ್ಚಿ ಕೈ ಬಿಟ್ಟರು. ಚಪ್ಪಾಳೆ ನಿಂತುಹೋಗಿತ್ತು.

"ತಮ್ಮಾ, ಇದು ನಕ್ಷಾದಾಗ ಇತ್ತೇನು?" ಎಂದು ಮೆಲ್ಲಗೆ ಕೇಳಿದರು.

"ಇರಲಿಲ್ರಿ ಮಾಸ್ತರ," ಎಂದೆ. ಭೂಮಿ ಬಾಯಿ ಬಿಟ್ಟಿದ್ದರೆ ಒಳಗೆ ಹೋಗುತ್ತಿದ್ದೆ.

ನಾಲ್ಕು ಜನ ನಾಲ್ಕು ಕಡೆ ಹಿಡಿದು ಕುರ್ಚಿ ಸಮೇತ ಎತ್ತಿದರು. ಮಾಸ್ತರರು ಕಣ್ಣು ಮುಚ್ಚಿಕೊಂಡರು. ಒಳಗೆ ಟೇಬಲ್ಲಿನ ಮುಂದೆ ಕೂರಿಸಿದ ಮೇಲೆ ಕತ್ತರಿ ಹಿಡಿದು ಒಂದು ತುಂಡು ಬಟ್ಟೆ ನೇರವಾಗಿ ಕತ್ತರಿಸಿದರು, ಶಾಸ್ತ್ರಕ್ಕೆ. "ಸಾಕು, ಮನೀಗಿ ಹೋಗಮು," ಎಂದರು. ಹೋಗುವಾಗಲೂ ಎತ್ತಬೇಕಾಯಿತು.

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಕಲ್ಲನ್ನು ಎಬ್ಬಿಸಿ, ಎರಡೂವರೆ ಇಂಚು ಕೆಳಗೆ ಇಳಿಸಿ ನೆಲದ ಸಮಕ್ಕೆ ಕೂರಿಸಿದರಾಯಿತು, ಒಂದು ತಾಸಿನ ಕೆಲಸ ಎಂದೆ. ಗೌಂಡಿ ಹೊರಗೆ ಕಾಯುತ್ತಿದ್ದ.

ಅಕ್ಕ ಬಾಗಿಲಲ್ಲೇ ನಿಂತಿದ್ದರು. "ನಿನ್ನೆ ಪೂಜಿ ಆದ ಹೊಸ್ತಿಲ ಇವತ್ತ ಕೀಳತಾರೇನು? ನಾಕ ದಿನಕ್ಕ ಆಷಾಢ ಹತ್ತತದ. ಈ ಮನಷ್ಯಾನ ಜೀವ ಮೊದಲ ಸೂಕ್ಷ್ಮ ಅದ. ಶ್ರಾವಣ ಬರಲಿ ತಮ್ಮಾ, ಮೊದಲನೇ ಸೋಮವಾರ ನಾನ ನಿಂತು ಮಾಡಿಸ್ತೀನಿ."

"ಹಲಗಿದು ಒಂದು ಸಣ್ಣ ಏರು ಮಾಡಿ ಮ್ಯಾಲ ಇಡ್ತೀನಿ ಅಕ್ಕಾ, ಅಲ್ಲಿ ತನಕ."

"ಹೊಸ್ತಿಲ ಮುಚ್ಚಬ್ಯಾಡ."

ಮಾಸ್ತರರು ಒಳಗಿನಿಂದ ಹೇಳಿದರು: "ಆಕಿ ಮಾತು ಇರಲಿ ಬಿಡು ತಮ್ಮಾ. ಒಂದು ತಿಂಗಳು ಏನ ದೊಡ್ಡದು."

ಸುಳ್ಳು ಹೇಳುವುದಿಲ್ಲ, ಆ ಮಾತು ಕೇಳಿ ನನಗೆ ಒಳಗೊಳಗೇ ಹಗುರಾಯಿತು. ಶೂನ್ಯಮಾಸದ ಹೊತ್ತಿಗೆ ಹೊಸ್ತಿಲಿಗೆ ಸುತ್ತಿಗೆ ಹಾಕಿಸುವುದು ನನಗೂ ಬೇಡವಾಗಿತ್ತು. ಹೊಸ್ತಿಲು ಹಾಗಿರುವ ತನಕ ಆ ಬಾಗಿಲು ನಿಯಮದ ಪ್ರಕಾರ ಬಾಗಿಲೇ ಅಲ್ಲ, ನಾನು ಸಹಿ ಹಾಕಿದ ಕಾಗದ ಸುಳ್ಳು ಎಂದು ಅವರೆದುರು ಹೇಳಬೇಕಿತ್ತು. ಹೇಳಿದ್ದರೆ ಅಕ್ಕ ಒಪ್ಪುತ್ತಿದ್ದರೋ ಏನೋ. ನಾನು ಹೇಳಲಿಲ್ಲ. ಗೌಂಡಿಯನ್ನು ಬಸ್ಸು ಹತ್ತಿಸಿ ಕಳಿಸಿದೆ.

ಆ ತಿಂಗಳು ಮಾಸ್ತರರು ಅಂಗಡಿಗೆ ಹೋಗಲಿಲ್ಲ. ಎತ್ತಿ ಒಯ್ಯುತ್ತೇವೆಂದು ಬಜಾರಿನವರು ಬಂದರೆ, ಮೈಯಲ್ಲಿ ಹುಷಾರಿಲ್ಲ ಎನ್ನುತ್ತಿದ್ದರು. ಗಾಲಿ ರೂಢಿ ಮಾಡುವುದನ್ನೂ ಬಿಟ್ಟರು. ಫೋನು ಬರುವುದು ನಿಂತಿತು. ನಾನೇ ಮಾಡಿದರೆ, "ಶ್ರಾವಣ ಎಷ್ಟು ದಿನ ಅದ ತಮ್ಮಾ?" ಎಂದು ಕೇಳುತ್ತಿದ್ದರು. ಅವರ ಮನೆಯ ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತು. ಆದರೂ ನನ್ನನ್ನೇ ಕೇಳುತ್ತಿದ್ದರು.

ಉಳಿದ ಎಡಗಾಲಿನ ಹಿಮ್ಮಡಿಯಲ್ಲಿ ಹುಣ್ಣಾಗಿತ್ತು. ಯಾರಿಗೂ ಹೇಳಿರಲಿಲ್ಲ. ಜ್ವರ ಬಂದಾಗ ಗೊತ್ತಾಯಿತು. ಆಸ್ಪತ್ರೆಗೆ ಸೇರಿಸಿದ ನಾಲ್ಕನೆಯ ದಿನ ಹೋದರು. ಆಷಾಢ ಮುಗಿಯಲು ಇನ್ನೂ ಒಂದು ವಾರವಿತ್ತು.

ಮಣ್ಣಿಗೆ ಹೋಗಿ ಬಂದೆ. ಹೊಸ್ತಿಲು ಅವರನ್ನು ಕೊಂದಿತು ಎಂದು ನಾನು ಹೇಳುವುದಿಲ್ಲ, ಡಾಕ್ಟರೂ ಹೇಳಲಿಲ್ಲ. ಆದರೆ ಮೂರು ವಾರವಾದರೂ ಆ ಮನುಷ್ಯ ಕಟಿಂಗ್ ಟೇಬಲ್ಲಿನ ಮುಂದೆ ಕೂತಿರಬಹುದಿತ್ತು. ಅದನ್ನು ಕಸಿದವನು ನಾನು. ಈ ಮಾತನ್ನು ಯಾರ ಮುಂದೂ ಆಡಿರಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಶ್ರಾವಣದ ಮೊದಲ ಸೋಮವಾರ ಅಕ್ಕನ ಫೋನು ಬಂತು. "ಗೌಂಡಿನ ಕರಕೊಂಡು ಬಾ." ನಾನು ಹೋದಾಗ ಅಂಗಡಿ ತೆರೆದಿತ್ತು. ಅಕ್ಕ ಹೊಸ್ತಿಲು ತೊಳೆದು ಹೂವಿಟ್ಟು ಕಾಯುತ್ತಿದ್ದರು. ಕುರ್ಚಿ ರಸ್ತೆಯ ಪಕ್ಕ ನಿಂತಿತ್ತು.

"ಈಗ ಯಾಕ ಅಕ್ಕಾ..." ಎಂದೆ.

"ಅವರಿಗೆ ಮಾತು ಕೊಟ್ಟೀನಿ. ದೇವರು ನೆಲದಾಗ ಇದ್ದರ ದೇವರಲ್ಲೇನು? ಇಳಸು."

ನನ್ನ ಮೇಲೆ ಒಂದು ಬೈಗುಳವಾದರೂ ಬಿದ್ದಿದ್ದರೆ ತಾಳಿಕೊಳ್ಳುತ್ತಿದ್ದೆ.

ಗೌಂಡಿ ಉಳಿಯಿಂದ ಗಾರೆ ಬಿಡಿಸಿ, ಸಣ್ಣ ಹಾರೆಯಿಂದ ಕಲ್ಲನ್ನು ಎಬ್ಬಿಸಿದ. ಕೆಳಗಿನ ಕಾಳು ಮೊಳಕೆಯೊಡೆದು ಒಣಗಿದ್ದವು. ಅವನ್ನು ಅಕ್ಕ ಸೆರಗಿಗೆ ಹಾಕಿಕೊಂಡರು. ಕಲ್ಲಿನ ಕೆಳಗಿನ ನೆಲವನ್ನು ಎರಡೂವರೆ ಇಂಚು ಕೆತ್ತಿದ, ಗಾರೆ ಹಾಸಿದ, ಕಲ್ಲನ್ನು ಇಳಿಸಿ ಮಟ್ಟಗೋಲು ಇಟ್ಟ. ನೆಲದ ಸಮಕ್ಕೆ ಬಂತು. ಒಂದು ತಾಸೂ ಹಿಡಿಯಲಿಲ್ಲ. ಗಾರೆ ಗಟ್ಟಿಯಾಗಲಿ ಎಂದು ಮೂರು ದಿನ ಬಿಟ್ಟು ಮತ್ತೆ ಸೇರಿದೆವು.

ಗೌಂಡಿ ಕುರ್ಚಿಗೆ ಕೈ ಹಾಕಿದ. ಅಕ್ಕ ತಡೆದರು.

"ಖಾಲಿ ಕುರ್ಚಿ ಬ್ಯಾಡ. ತಮ್ಮಾ, ನೀ ಕುಂತು ನೋಡು."

ಕೂತೆ. ಹಿಂದಿನ ಚೀಲದಲ್ಲಿ ಖಾಕಿ ಕೈಗವಸು ಇದ್ದವು, ಹಾಕಿಕೊಳ್ಳುವ ಧೈರ್ಯವಾಗಲಿಲ್ಲ. ಬರಿಗೈಯಲ್ಲೇ ತಿರುವಿದೆ. ನನ್ನ ಲೆಕ್ಕದ ಆರು ಅಡಿ ಅಷ್ಟು ಭಾರವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಮಾಸ್ತರರು ನಿಂತ ಜಾಗದಲ್ಲೇ ನಾನೂ ಉಸಿರಿಗೆ ನಿಂತೆ. ಸಮತಟ್ಟಿಗೆ ಬಂದೆ. ಬಾಗಿಲು ಹತ್ತಿರವಾದಾಗ ಕೈಗಳು ತಾವಾಗಿಯೇ ತಡೆದವು. ಅರಿಶಿನ ಹಚ್ಚಿದ ಕಲ್ಲು ನೆಲದಲ್ಲಿತ್ತು, ಅದರ ಮೇಲೆ ಹೂವಿತ್ತು. ಅಕ್ಕ ಬಗ್ಗಿ ಹೂವನ್ನು ಪಕ್ಕಕ್ಕೆ ಸರಿಸಿದರು.

"ಬಾ," ಎಂದರು. "ಗಾಲಿ ತುಳೀಲಿ."

ಮೆಲ್ಲಗೆ ತಿರುವಿದೆ. ಏನೂ ಬಡಿಯಲಿಲ್ಲ, ಏನೂ ತಡೆಯಲಿಲ್ಲ, ದಾಟಿದ್ದೂ ತಿಳಿಯಲಿಲ್ಲ. ಕುರ್ಚಿ ತಾನೇ ಉರುಳಿ ಹೋಗಿ ಕಟಿಂಗ್ ಟೇಬಲ್ಲಿನ ಮುಂದೆ ನಿಂತಿತು. ಟೇಬಲ್ಲಿನ ಮೇಲೆ ಅಂದು ಅವರು ಕತ್ತರಿಸಿದ ಬಟ್ಟೆಯ ತುಂಡು ಹಾಗೆಯೇ ಇತ್ತು.

ಅಕ್ಕ ಬಾಗಿಲಲ್ಲಿ ನಿಂತು ಒಮ್ಮೆ ನೆಲ ನೋಡಿದರು, ಒಮ್ಮೆ ನನ್ನನ್ನು ನೋಡಿದರು.

"ಬರೇ ಇಷ್ಟ ಇತ್ತೇನ್ ತಮ್ಮಾ?" ಎಂದರು.